ನಾಳೆ ಬಾ

ಗೆಳೆಯರೇ, ದೆವ್ವ ಒಳಗೆ ಬರಬಾರದೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವ ರೂಢಿ ನಮ್ಮ ನಾಡಿನಲ್ಲಿತ್ತು. ದೆವ್ವ ಓದಿ ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಅಕ್ಷರ ಕಲಿತು ಕೇರಿಯಿಂದ ಪಟ್ಟಣಕ್ಕೆ ಬಂದ ನಮಗೂ ಬಾಡಿಗೆ ಮನೆಯ ಬಾಗಿಲುಗಳು ಇದನ್ನೇ ಹೇಳಿವೆ. ಈ 'ನಾಳೆ'ಗೂ ಒಂದು ಚರಿತ್ರೆ ಇದೆ. ರಾಜರ ಚರಿತ್ರೆ ಬರೆದವರು ಅದನ್ನು ಬರೆಯಲಿಲ್ಲ.

ಗದಗ-ಬೆಟಗೇರಿಗೆ ಪುರಸಭೆ ಬಂದದ್ದು 1859ರಲ್ಲಿ, ಹೊಟಗಿಯ ರೈಲು ಬಂದದ್ದು 1884ರಲ್ಲಿ. ಹತ್ತಿಯ ಪ್ಯಾಟಿ, ಜಿನ್ನು, ಬೆಟಗೇರಿಯ ಮಗ್ಗ ಎಲ್ಲಾ ಸೇರಿ ಊರು ಬೆಳೀತು. ಹತ್ತಿ ಅಂಡಗಿ ಹೊರಲಿಕ್ಕೆ, ಚರಂಡಿ ಬಳಿಯಲಿಕ್ಕೆ ನಮ್ಮವರು ಬೇಕಾದರು. ವಾಸಕ್ಕೆ ಮಾತ್ರ ಕೇರಿ. ಆಗ ಗದಗ, ಮುಂಡರಗಿ ಮುಂಬಯಿ ಪ್ರಾಂತದಲ್ಲಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. 1948ರಲ್ಲಿ ಸಂಸ್ಥಾನಗಳು ಹೋದವು. 1956ರಲ್ಲಿ ಈ ಊರುಗಳು ಮೈಸೂರು ರಾಜ್ಯ ಸೇರಿದವು, 1997ರಲ್ಲಿ ಗದಗ ಜಿಲ್ಲೆಯಾಯಿತು. ಧಣಿಗಳು ಬದಲಾದರು, ಬಾವುಟ ಬದಲಾದವು; ಕೇರಿ ಇದ್ದಲ್ಲೇ ಇತ್ತು.

ಕೇರಿಯಲ್ಲೇ ಹುಟ್ಟಿ ಕೇರಿಯಲ್ಲೇ ಸತ್ತ ನಮ್ಮ ಅಜ್ಜಂದಿರಿಗೆ ಬಾಡಿಗೆ ಖೋಲಿ ಕೇಳುವ ಪ್ರಸಂಗವೇ ಬರಲಿಲ್ಲ. ಕೇಳಿದ್ದು ಮೊದಲ ತಲೆಮಾರಿನ ವಿದ್ಯಾರ್ಥಿ, ಮೊದಲ ತಲೆಮಾರಿನ ಮಾಸ್ತರ, ಮೊದಲ ತಲೆಮಾರಿನ ಗುಮಾಸ್ತ. ಅಂದರೆ ನಾವು.

ಹಾಸ್ಟೆಲ್ಲಿನಾಗ ಸೀಟು ಸಿಗದಿದ್ದರ ಓಣಿ ಓಣಿ ತಿರುಗಬೇಕು. 'ಬರ್ರಿ, ಕೂಡ್ರಿ' ಅಂತಾರ. ಬಾಡಿಗಿ ಹೇಳ್ತಾರ, ಅಡ್ವಾನ್ಸ್ ಹೇಳ್ತಾರ. ಆಮ್ಯಾಲೆ ಮೆಲ್ಲಕ, 'ನೀವು ಯಾವ ಪೈಕಿ ಆಗ್ತೀರಿ?' ನಾವು ಹೇಳಿದ ಕೂಡಲೇ ಖೋಲಿಗೆ ರಿಪೇರಿ ಬರತೈತಿ. 'ಸುಣ್ಣಾ ಹಚ್ಚೂದೈತ್ರಿ, ಎಂಟು ದಿನಾ ಬಿಟ್ಟು ಬರ್ರಿ.' ಎಂಟು ದಿನಾ ಬಿಟ್ಟು ಹೋದರ ಆಷಾಢ. ಆಷಾಢ ಮುಗಿದರ 'ನಮ್ಮ ಅಳಿಯಾರು ಬರಾವ್ರದಾರ.' ಇಲ್ಲ ಅನ್ನೂ ಮಾತು ಮಾತ್ರ ಬಾಯಿಂದ ಬೀಳೂದಿಲ್ಲ. ಅಷ್ಟರಾಗ ಕಾಲೇಜು ಸುರುವಾಗಿರತೈತಿ. ಊರಿಂದ ದಿನಾ ಬಸ್ಸು ಹಿಡಿದು ಬರೂ ಹುಡುಗನ ಮೊದಲ ಪಿರಿಯಡ್ಡು ತಪ್ಪತೈತಿ, ಕೂಲಿ ಮಾಡಿದ ಅವ್ವನ ರೊಕ್ಕ ಬಸ್ಸಿನ ಪಾಲು. ಲಕ್ಷ್ಮೇಶ್ವರದಾಗ ನೌಕರಿ ಸಿಕ್ಕ ಮಾಸ್ತರಗೂ ಇದೇ ಪಾಡು.

ಇದನ್ನು ಮಾಲೀಕ-ಬಾಡಿಗೆದಾರರ ನಡುವಿನ ಸಂವಹನದ ಕೊರತೆ ಎನ್ನುವ ಸುಶಿಕ್ಷಿತರಿದ್ದಾರೆ. ಕೊರತೆ ಎಲ್ಲಿದೆ? ಹೇಳಿದವರಿಗೂ ಅರ್ಥ ಗೊತ್ತು, ಕೇಳಿದವರಿಗೂ ಗೊತ್ತು. ಎಲ್ಲ ತಡವೂ ಜಾತಿಯದಲ್ಲ, ನಿಜ. ಹಳೆಯ ಬಾಡಿಗೆಯವರು ಬಿಟ್ಟಿರಲಿಕ್ಕಿಲ್ಲ, ಗೋಡೆ ಒಣಗಿರಲಿಕ್ಕಿಲ್ಲ. ಆದರೆ ನಿಜವಾದ ತಡಕ್ಕೆ ಒಂದು ತಾರೀಖು ಇರುತ್ತದೆ. ಜಾತಿಯ ತಡಕ್ಕೆ ತಾರೀಖು ಇರುವುದಿಲ್ಲ.

ಬಾಬಾಸಾಹೇಬರಿಗೂ ಇದೇ ಆಯಿತು. 1917ರಲ್ಲಿ ವಿದೇಶದ ಓದು ಮುಗಿಯುವ ಮೊದಲೇ ಮರಳಿ ಬಡೋದೆ ಸಂಸ್ಥಾನದ ನೌಕರಿಗೆ ಹೋದರು. ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿದಿದ್ದರು. ಹನ್ನೊಂದನೆಯ ದಿನ ಬಡಿಗೆ ಹಿಡಿದು ಬಂದ ಪಾರ್ಸಿಗಳು ಸಂಜೆಯೊಳಗೆ ಖಾಲಿ ಮಾಡು ಎಂದರು. ಒಬ್ಬ ಹಿಂದೂ ಗೆಳೆಯ, ನೀನು ಬಂದರೆ ಆಳುಗಳು ಬಿಟ್ಟು ಹೋಗುತ್ತಾರೆಂದ. ಕ್ರೈಸ್ತ ಗೆಳೆಯ, ಹೆಂಡತಿ ನಾಳೆ ಬರುತ್ತಾಳೆ, ಕೇಳಿ ಹೇಳುತ್ತೇನೆಂದ. ಬಡಿಗೆ ಹಿಡಿದವರು ಸಿಟ್ಟಿನಿಂದ ಹೇಳಿದ್ದನ್ನೇ ಗೆಳೆಯರು ಸೌಜನ್ಯದಿಂದ ಹೇಳಿದರು. ಅವತ್ತೇ ರಾತ್ರಿ ಅವರು ಮುಂಬಯಿ ರೈಲು ಹತ್ತಿದರು.

ಕಾಯ್ದೆ ಏನು ಮಾಡಿತು? 1961ರ ಬಾಡಿಗೆ ನಿಯಂತ್ರಣ ಕಾಯ್ದೆ, ಅನ್ವಯವಾದ ಪಟ್ಟಣಗಳಲ್ಲಿ, ಮನೆ ಖಾಲಿಯಾದ 15 ದಿನದೊಳಗೆ ಅಧಿಕಾರಿಗೆ ರಜಿಸ್ಟರ್ ಟಪಾಲಿನಲ್ಲಿ ತಿಳಿಸಬೇಕೆಂದು ಮಾಲೀಕರಿಗೆ ಹೇಳಿತು. ಖಾಲಿ ಮನೆ ಗುಟ್ಟಾಗಿರಬಾರದು ಎಂಬ ಒಳ್ಳೆಯ ಮಾತು ಅದರಲ್ಲಿತ್ತು. ಅದರ ಜಾಗಕ್ಕೆ ಬಂದ 1999ರ ಕಾಯ್ದೆ ಬರವಣಿಗೆಯ ಕರಾರು ಕೇಳಿತು. ಆದರೆ ಕರಾರು ಹುಟ್ಟುವುದು ಕೀಲಿಕೈ ಕೊಡುವಾಗ. ನಮ್ಮನ್ನು ತಡೆಯುವುದು ಅದಕ್ಕಿಂತ ಮೊದಲು, ಕಟ್ಟೆಯ ಮೇಲೆ, ಬಾಯಿಮಾತಿನಲ್ಲಿ.

ನಮಗೆ ಉಪಯೋಗಕ್ಕೆ ಬರುವ ಕಾಯ್ದೆ ಬೇರೆ ಇದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1976ರಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ. ಅದರ 4ನೇ ಕಲಮು, ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಹಿಡಿಯುವುದಕ್ಕೆ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿ ಮಾಡುವುದನ್ನು ಅಪರಾಧವೆನ್ನುತ್ತದೆ. 12ನೇ ಕಲಮು ಇನ್ನೂ ಮುಖ್ಯ: ಪರಿಶಿಷ್ಟ ಜಾತಿಯವರ ಮೇಲೆ ಅಂಥ ಕೃತ್ಯ ನಡೆದಿದ್ದರೆ ಅಸ್ಪೃಶ್ಯತೆಯೇ ಕಾರಣವೆಂದು ನ್ಯಾಯಾಲಯ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ಆದರೆ ಕೃತ್ಯ ನಡೆಯಿತೆಂಬುದಕ್ಕೆ ಸಾಕ್ಷಿ ಬೇಕು. ಸಾಕ್ಷಿ ಉಳಿಯಬಾರದೆಂದೇ 'ನಾಳೆ' ಹುಟ್ಟಿದೆ.

ಆದ್ದರಿಂದ ಗೆಳೆಯರೇ, ಒಬ್ಬೊಬ್ಬರೇ ಖೋಲಿ ಕೇಳಲು ಹೋಗಬೇಡಿ, ಜೋಡಿ ಹೋಗಿ. 'ಯಾವ ತಾರೀಖಿಗೆ ಬರೂಣ್ರಿ?' ಎಂದು ಕೇಳಿ. ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಪ್ರತಿ ಹಾಸ್ಟೆಲ್ಲಿನಲ್ಲಿ ಒಂದು ವಹಿ ಇಡೋಣ. ಯಾವ ಓಣಿ, ಯಾವ ದಿನ, ಏನು ನೆಪ, ಜೊತೆಗೆ ಯಾರಿದ್ದರು, ಅದೇ ಖೋಲಿ ಆಮೇಲೆ ಯಾರಿಗೆ ಯಾವಾಗ ಸಿಕ್ಕಿತು, ಎಲ್ಲ ಬರೆಯೋಣ. ಮಾಸ್ತರರು ಬರೆಯಲು ನೆರವಾಗಲಿ. ನಮ್ಮ ಅಜ್ಜಂದಿರಿಗೆ ಬರೆಯಲು ಬರುತ್ತಿರಲಿಲ್ಲ. ನಮಗೆ ಬರುತ್ತದೆ.