ಹಳ್ಳಿಯಲ್ಲಿ ಕ್ಯಾನ್ಸರ್ ತಪಾಸಣೆ: ಜಮಾಅತ್, ಯುವಕ ಸಂಘ, ಕುಟುಂಬಶ್ರೀ ಏನು ಮಾಡಬಹುದು?

'ನೋವೇ ಇಲ್ಲ, ಮತ್ತೆ ಆಸ್ಪತ್ರೆಗೆ ಯಾಕೆ ಹೋಗ್ಬೇಕು?' ಕ್ಯಾನ್ಸರ್ ತಪಾಸಣೆ ಎಂದಾಗ ಮನೆಮನೆಗಳಲ್ಲಿ ಕೇಳಿಬರುವ ಮಾತು ಇದು. ಆದರೆ ತಪಾಸಣೆ ಇರುವುದೇ ನೋವಿಲ್ಲದವರಿಗಾಗಿ. ಗಂಟು, ಗಾಯ, ರಕ್ತಸ್ರಾವ ಕಾಣಿಸಿಕೊಂಡವರು ಶಿಬಿರಕ್ಕಾಗಿ ಕಾಯದೆ ನೇರವಾಗಿ ವೈದ್ಯರ ಬಳಿ ಹೋಗಬೇಕು.

ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್‌ಗಳಿಗೆ 30 ದಾಟಿದವರನ್ನು 5 ವರ್ಷಕ್ಕೊಮ್ಮೆ ಪರೀಕ್ಷಿಸುವ ಕ್ರಮವನ್ನು ಕೇಂದ್ರ ಸರಕಾರ 2016ರಲ್ಲಿ ರೂಪಿಸಿತು. ಆಶಾ ಕಾರ್ಯಕರ್ತೆ ಮನೆಗೆ ಬಂದು ಫಾರಂ ತುಂಬುವುದು ಇದರ ಮೊದಲ ಹೆಜ್ಜೆ. ಕೇರಳದಲ್ಲಿ 2025ರ ಫೆಬ್ರವರಿ 4ರಂದು 'ಆರೋಗ್ಯಂ ಆನಂದಂ - ಅಕತ್ತಾಂ ಅರ್ಬುದಂ' ಅಭಿಯಾನ ಆರಂಭವಾಯಿತು. ಅದರ ಮೊದಲ ಹಂತದಲ್ಲಿ ಮಹಿಳೆಯರಿಗೆ ಆದ್ಯತೆ ನೀಡಲಾಗಿತ್ತು.

ಪರೀಕ್ಷೆಗಳು ದೊಡ್ಡ ಯಂತ್ರದವಲ್ಲ. ಸ್ತನವನ್ನು ತರಬೇತಾದ ನರ್ಸ್ ಅಥವಾ ವೈದ್ಯೆ ಕೈಯಿಂದ ಪರೀಕ್ಷಿಸುತ್ತಾರೆ. ಗರ್ಭಕೊರಳಿಗೆ ಅಸೆಟಿಕ್ ಆಮ್ಲದ ತಿಳಿ ದ್ರಾವಣ ಹಚ್ಚಿ, ಬಿಳಿ ಕಲೆ ಮೂಡುತ್ತದೆಯೇ ಎಂದು ನೋಡುತ್ತಾರೆ; ಕೆಲವೇ ನಿಮಿಷದ ಕೆಲಸ. ಬಾಯಿಗೆ ಟಾರ್ಚ್ ಬೆಳಕು ಸಾಕು. ಮಾಸದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ಒಟ್ಟಿಗೆ ಹೋಗದಷ್ಟು ಬಾಯಿ ಬಿಗಿಯಾಗಿರುವುದು ಎಚ್ಚರಿಕೆಯ ಲಕ್ಷಣಗಳು. ಹೊಗೆಸೊಪ್ಪು ಹಾಕದೆ ಬರೀ ಎಲೆಯಡಿಕೆ ತಿಂದರೆ ತೊಂದರೆಯಿಲ್ಲ ಎಂಬ ನಂಬಿಕೆ ನಮ್ಮ ಕರಾವಳಿಯಲ್ಲಿದೆ. ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ತೋಟದ ಊರಲ್ಲಿ ಇದನ್ನು ಹೇಳುವುದು ಸುಲಭವಲ್ಲ, ಆದರೂ ಹೇಳಲೇಬೇಕು.

ಇದರಿಂದ ಜೀವ ಉಳಿಯುತ್ತದೆಯೇ? ತಿರುವನಂತಪುರ ಜಿಲ್ಲೆಯ 13 ಪಂಚಾಯತ್‌ಗಳಲ್ಲಿ ನಡೆದ ಅಧ್ಯಯನದಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ. 34ರಷ್ಟು ಕಡಿಮೆಯಾದದ್ದು 2005ರಲ್ಲಿ ಪ್ರಕಟವಾಯಿತು. ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾದಾಗ, ಸಿಬ್ಬಂದಿ ಹಳ್ಳಿಹಳ್ಳಿ ಸುತ್ತಿ ಲಕ್ಷಣಗಳನ್ನು ವಿವರಿಸಿದರು. ಕ್ರಮೇಣ ಗರ್ಭಕೊರಳಿನ ಕ್ಯಾನ್ಸರ್ ಇರುವ ಮಹಿಳೆಯರು ಮೊದಲಿಗಿಂತ ಬೇಗನೆ, ರೋಗ ಹಬ್ಬುವ ಮುಂಚೆ ಆಸ್ಪತ್ರೆಗೆ ಬರತೊಡಗಿದರು. ಮಾತಾಡಿದ್ದರಿಂದಲೇ ಆದ ಬದಲಾವಣೆ ಅದು.

ಸ್ಥಳೀಯ ಸಂಘಟನೆಗಳ ಪಾತ್ರ ಇಲ್ಲೇ. ಬ್ಯಾನರ್, ಉದ್ಘಾಟನೆ, ಶಾಲು ಹೊದಿಸುವುದಕ್ಕೆ ಅರ್ಧ ದಿನ ಹೋದ ಶಿಬಿರಕ್ಕೆ ಬರುವವರು ಹೆಚ್ಚಾಗಿ ಪ್ರತಿ ಶಿಬಿರಕ್ಕೂ ಬರುವವರೇ. ಬರಬೇಕಾದವರು ಮನೆಯಲ್ಲೇ ಉಳಿಯುತ್ತಾರೆ. ಆದ್ದರಿಂದ ಆಶಾ ಕಾರ್ಯಕರ್ತೆಯೊಂದಿಗೆ ಕೂತು, ಇದುವರೆಗೆ ಯಾವ ಪರೀಕ್ಷೆಯನ್ನೂ ಮಾಡಿಸದವರ ಮನೆ ಯಾವುದು ಎಂದು ಕೇಳಿಕೊಳ್ಳುವುದು ಮೊದಲ ಕೆಲಸ. ಮೈಕ್‌ನಲ್ಲಿ ಕರೆದರೆ ಉಮ್ಮಂದಿರು ಬರಲಾರರು. ಪಕ್ಕದ ಮನೆಯಾಕೆ, ತಾನು ಮಾಡಿಸಿಕೊಂಡವಳು, ಬ್ಯಾರಿಯಲ್ಲೋ ತುಳುವಿನಲ್ಲೋ ಹೇಳಿ ಜೊತೆಗೆ ಕರೆತಂದರೆ ಬರುತ್ತಾರೆ. ಪರೀಕ್ಷಿಸುವವರು ಮಹಿಳೆ, ಬಾಗಿಲು ಹಾಕುವ ಕೋಣೆಯಿದೆ ಎಂಬುದು ಮೊದಲೇ ಗೊತ್ತಾಗಬೇಕು. ಬೀಡಿ ಕಟ್ಟುವವರಿಗೆ ಒಂದು ದಿನದ ದುಡಿಮೆ ತಪ್ಪದ ಸಮಯವೂ ಬೇಕು. ಗಂಡಸರ ಬಾಯಿ ತಪಾಸಣೆಗಾದರೆ ಜುಮಾ ಮುಗಿದ ಹೊತ್ತು ಅನುಕೂಲ. ಮಂಜೇಶ್ವರ ಕಡೆ ಕನ್ನಡ ಶಾಲೆಯಲ್ಲಿ ಓದಿದ ಹಿರಿಯರಿಗೆ ಮಲಯಾಳಂ ನೋಟಿಸು ಓದಲು ಬಾರದು ಎಂಬುದನ್ನೂ ಮರೆಯಬಾರದು.

ಅತಿ ಹೆಚ್ಚು ಜನ ಕೈತಪ್ಪುವುದು ಪರೀಕ್ಷೆಯ ನಂತರ. ಬಿಳಿ ಕಲೆ ಕಂಡರೆ ಅದು ಕ್ಯಾನ್ಸರ್ ಅಂತಲ್ಲ, ಮುಂದಿನ ಪರೀಕ್ಷೆ ಬೇಕು ಅಂತ. ಈ ಮಾತನ್ನು ಯಾರೂ ಸರಿಯಾಗಿ ಹೇಳದಿದ್ದರೆ ಹೆದರಿ ಮನೆಯಲ್ಲೇ ಕೂರುತ್ತಾರೆ. ತಲಶ್ಶೇರಿ ಬಳಿಯ ಕೊಡಿಯೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ. ಗಡಿಯ ಈಚೆ ಮಂಗಳೂರಿನ ಆಸ್ಪತ್ರೆಗಳು ಹತ್ತಿರ. ಯಾವ ರಾಜ್ಯದ ಕಾರ್ಡ್ ಎಲ್ಲಿ ನಡೆಯುತ್ತದೆ ಎಂದು ಸಂಘದವರೇ ಫೋನ್ ಮಾಡಿ ವಿಚಾರಿಸಿಟ್ಟರೆ ಮನೆಯವರ ಅಲೆದಾಟ ತಪ್ಪುತ್ತದೆ. ವಾಹನ, ಜೊತೆಗೊಬ್ಬರು, ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು: ಶಿಬಿರದ ಊಟದ ಖರ್ಚಿನಲ್ಲಿ ಇದಿಷ್ಟೂ ಆಗುತ್ತದೆ.

ಫಲಿತಾಂಶ ಆ ವ್ಯಕ್ತಿಗೂ ಆರೋಗ್ಯ ಕಾರ್ಯಕರ್ತೆಗೂ ಮಾತ್ರ ತಿಳಿದಿರಬೇಕು. ವಾಟ್ಸ್‌ಆ್ಯಪ್ ಗುಂಪಿಗೆ ಹೆಸರು ಹೋದರೆ, ಮದುವೆಗೆ ಬಂದ ಮಗಳಿರುವ ಮನೆಯಿಂದ ಮುಂದಿನ ಸಲ ಯಾರೂ ಬರುವುದಿಲ್ಲ. ಸಂಘದ ಪುಸ್ತಕದಲ್ಲಿ ಯಾರು ಹೋಗಿದ್ದಾರೆ, ಮತ್ತೆ ಯಾವ ವರ್ಷ ಹೋಗಬೇಕು ಎಂಬುದಷ್ಟೇ ಇದ್ದರೆ ಸಾಕು. 5 ವರ್ಷದೊಳಗೆ ಕಮಿಟಿ ಬದಲಾಗಿರುತ್ತದೆ. ಪುಸ್ತಕವನ್ನು ಹೊಸಬರ ಕೈಗೆ ಒಪ್ಪಿಸಬೇಕು.