ದೂರದ ಬೆಟ್ಟ ಹತ್ತಿರ ಬಂದಾಗ

1983ರ ಈಸ್ಟರ್ ರಜೆ. ಇಂಗ್ಲೆಂಡಿನ ಲಾಂಗ್‌ಲೀಟ್ ಬಂಗಲೆಯ ಆವರಣದಲ್ಲಿ ಜಾತ್ರೆಯೇ ನೆರೆದಿತ್ತು. ಬಿಬಿಸಿಯ ವೈಜ್ಞಾನಿಕ ಧಾರಾವಾಹಿ ‘ಡಾಕ್ಟರ್ ಹೂ’ಗೆ ಆ ವರ್ಷ 20 ತುಂಬುತ್ತಿತ್ತು. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುವ ವಿಚಿತ್ರ ಪ್ರವಾಸಿಯೊಬ್ಬನ ಕಥೆಗಳು ಅವು. ಹಳೆಯ ಕಥೆಗಳಲ್ಲಿ ಯಾವುದನ್ನು ವಿಡಿಯೊ ಕ್ಯಾಸೆಟ್ ಮಾಡಿ ಮಾರಬೇಕು ಎಂದು ಬಂದವರನ್ನು ಕೇಳಲಾಯಿತು. ಎಲ್ಲಕ್ಕಿಂತ ಹೆಚ್ಚು ಮತ ಬಿದ್ದದ್ದು 1967ರ ‘ದಿ ಟೂಮ್ ಆಫ್ ದಿ ಸೈಬರ್‌ಮೆನ್’ ಎಂಬ ನಾಲ್ಕು ಕಂತಿನ ಕಥೆಗೆ. ಸೈಬರ್‌ಮನ್‌ಗಳ ಗೋರಿ ಎಂದು ಅದರ ಅರ್ಥ. ತೊಂದರೆಯೆಂದರೆ, ಆ ಕಥೆ ಬಿಬಿಸಿಯ ಬಳಿಯೇ ಇರಲಿಲ್ಲ. ಕೊನೆಗೆ ಅದೇ ಸೈಬರ್‌ಮನ್‌ಗಳು ಬರುವ 1975ರ ಇನ್ನೊಂದು ಕಥೆಯನ್ನು ಅದರ ಬದಲು ಕ್ಯಾಸೆಟ್ ಮಾಡಲಾಯಿತು. ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು.

ಇಲ್ಲದ ಕಥೆಗೆ ಇಷ್ಟು ಮತ ಬಿದ್ದದ್ದು ಹೇಗೆ?

ಕಥೆ ಸರಳವಾದದ್ದು. ಟೆಲೋಸ್ ಎಂಬ ಗ್ರಹದಲ್ಲಿ ಪುರಾತತ್ವ ತಂಡವೊಂದು ಹಳೆಯ ಗೋರಿಯ ಬಾಗಿಲು ತೆರೆಯುತ್ತದೆ. ಒಳಗೆ ಹಿಮಗಟ್ಟಿ ಮಲಗಿರುವವರು ಸೈಬರ್‌ಮನ್‌ಗಳು. ಇವರು ಒಂದು ಕಾಲದಲ್ಲಿ ಮನುಷ್ಯರಂತೆಯೇ ಇದ್ದವರು. ದೇಹದ ಒಂದೊಂದೇ ಅಂಗವನ್ನು ತೆಗೆದು ಯಂತ್ರ ಜೋಡಿಸಿಕೊಳ್ಳುತ್ತ, ಕೊನೆಗೆ ನೋವು ನಲಿವು ಎರಡನ್ನೂ ಕಳೆದುಕೊಂಡವರು. ಬುದ್ಧಿವಂತರನ್ನು ಅಲ್ಲಿಗೆ ಸೆಳೆದು ತಮ್ಮಂತೆಯೇ ಮಾಡಿಕೊಳ್ಳಲೆಂದೇ ಅವರು ಒಡ್ಡಿದ ಬಲೆ ಆ ಗೋರಿ. ಟುಟಾಂಖಾಮನ್ ಸಮಾಧಿ ಮತ್ತು ಮಮ್ಮಿ ಸಿನಿಮಾಗಳ ನೆರಳು ಇಲ್ಲಿ ಢಾಳಾಗಿಯೇ ಕಾಣುತ್ತದೆ.

ಬರೆದವರು ಕಿಟ್ ಪೆಡ್ಲರ್ ಮತ್ತು ಜೆರಿ ಡೇವಿಸ್. ಪೆಡ್ಲರ್ ಕಥೆಗಾರರಾಗುವ ಮೊದಲು ವೈದ್ಯ ಸಂಶೋಧಕರು; ಲಂಡನ್ನಿನ ನೇತ್ರ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ದೇಹದ ಬಿಡಿಭಾಗ ಬದಲಿಸುತ್ತ ಹೋದರೆ ಮನುಷ್ಯ ಎಲ್ಲಿಯವರೆಗೆ ಮನುಷ್ಯನಾಗಿ ಉಳಿಯುತ್ತಾನೆ ಎಂಬ ಅಳುಕು ಅವರದು. ಕಥೆ ಬಿತ್ತರವಾದದ್ದು 1967ರ ಸೆಪ್ಟೆಂಬರ್‌ನಲ್ಲಿ. ಅದೇ ಡಿಸೆಂಬರ್‌ನಲ್ಲಿ ಕೇಪ್‌ಟೌನ್‌ನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಮನುಷ್ಯನಿಂದ ಮನುಷ್ಯನಿಗೆ ಹೃದಯ ಕಸಿ ಮಾಡಿದರು. ಪೆಡ್ಲರ್ ಅವರ ಅಳುಕು ಬರೀ ಕಲ್ಪನೆಯಾಗಿರಲಿಲ್ಲ.

ಆಗ ಎಲ್ಲರೂ ಇದನ್ನು ಮೆಚ್ಚಿದರು ಎನ್ನುವಂತಿಲ್ಲ. ಮಕ್ಕಳು ನೋಡುವ ಹೊತ್ತಿನಲ್ಲಿ ಇಷ್ಟೊಂದು ಹಿಂಸೆ ಏಕೆ ಎಂಬ ತಕರಾರು ಎದ್ದಿತು. ಗಾಯಗೊಂಡ ಸೈಬರ್‌ಮನ್‌ನ ಎದೆಯಿಂದ ನೊರೆ ಉಕ್ಕುವ ದೃಶ್ಯ ದೊಡ್ಡವರಿಗೇ ಹಿಡಿಸಲಿಲ್ಲ. ವೀಕ್ಷಕರ ದೂರುಗಳಿಗೆಂದೇ ಇದ್ದ ಬಿಬಿಸಿಯ ‘ಟಾಕ್‌ಬ್ಯಾಕ್’ ಕಾರ್ಯಕ್ರಮದಲ್ಲಿ ಚರ್ಚೆಯಾಗಿ, ಪೆಡ್ಲರ್ ಅವರೇ ಬಂದು ಉತ್ತರ ಹೇಳಬೇಕಾಯಿತು. ಆದರೆ ಅಂದು ಸೋಫಾದ ಹಿಂದೆ ಅಡಗಿ ನೋಡಿದ ಮಕ್ಕಳ ಮನಸ್ಸಿನಲ್ಲಿ ಉಳಿದದ್ದು ಬೇರೆ. ಜೇನುಗೂಡಿನಂಥ ಗೋರಿಯ ಪೊರೆ ಹರಿದು ಬೆಳ್ಳಿ ಬಣ್ಣದ ಆಳೆತ್ತರದ ಆಕೃತಿಗಳು ಒಂದೊಂದಾಗಿ ಹೊರಬರುವ ದೃಶ್ಯವನ್ನು ಅವರು ಮರೆಯಲಿಲ್ಲ.

ಆಮೇಲೆ ಕಥೆ ಮಾಯವಾಯಿತು. ವಿಡಿಯೊ ಟೇಪ್ ಆಗ ಬಲು ದುಬಾರಿ. ಒಂದನ್ನು ಅಳಿಸಿ ಅದರ ಮೇಲೆ ಇನ್ನೊಂದನ್ನು ಮುದ್ರಿಸುವುದು ರೂಢಿ. ಕಲಾವಿದರ ಸಂಘದ ಒಪ್ಪಂದದಂತೆ ಮರುಪ್ರಸಾರಕ್ಕೂ ಮಿತಿ ಇತ್ತು. ಬಣ್ಣದ ಟಿ.ವಿ. ಬಂದ ಮೇಲಂತೂ ಕಪ್ಪು-ಬಿಳುಪು ಕಾರ್ಯಕ್ರಮವನ್ನು ಕೇಳುವವರೇ ಇಲ್ಲದಾದರು. ವಿದೇಶಗಳಿಗೆ ಮಾರಲೆಂದು ತೆಗೆದಿದ್ದ ಫಿಲ್ಮ್ ಪ್ರತಿಗಳನ್ನೂ 1970ರ ದಶಕದಲ್ಲಿ ನಾಶ ಮಾಡಲಾಯಿತು. ಕಡತ ಕಾಯುವ ಕೆಲಸ ಗಂಭೀರವಾಗಿ ಶುರುವಾಗುವ ಹೊತ್ತಿಗೆ ದಶಕ ಮುಗಿಯುತ್ತ ಬಂದಿತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಉಳಿದದ್ದು ಚೂರುಪಾರು. ಕೆಲವು ಸ್ಥಿರಚಿತ್ರಗಳಿದ್ದವು. 1978ರಲ್ಲಿ ಜೆರಿ ಡೇವಿಸ್ ಅವರೇ ಬರೆದ ಕಾದಂಬರಿ ರೂಪ ಬಂತು. ಮತ್ತೆ ಧ್ವನಿ: ಪ್ರಸಾರದ ಹೊತ್ತಿನಲ್ಲಿ ಮನೆಯ ಟೇಪ್ ರೆಕಾರ್ಡರ್‌ನಲ್ಲಿ ಮಾತು, ಸದ್ದು ಹಿಡಿದಿಟ್ಟುಕೊಂಡ ಹುಡುಗರಿದ್ದರು. ಈ ಧಾರಾವಾಹಿಯ ಕಳೆದುಹೋದ ಪ್ರತಿ ಕಂತಿನ ಧ್ವನಿಯೂ ಇಂದು ಉಳಿದಿರುವುದು ಇಂಥವರಿಂದಲೇ. ಸಂಸ್ಥೆ ಕಸವೆಂದು ಎಸೆದದ್ದನ್ನು ಶಾಲೆಗೆ ಹೋಗುವ ಹುಡುಗರು ಕಾಪಾಡಿದರು. ಇವನ್ನೆಲ್ಲ ಕೂಡಿಸಿಕೊಂಡು ಅಭಿಮಾನಿಗಳು ತಲೆಯೊಳಗೇ ಕಥೆ ಕಟ್ಟಿದರು. ನೋಡಿದ ಹಿರಿಯರು ಅಮೋಘವೆಂದರು. ನೋಡದ ಕಿರಿಯರು ನಂಬಿದರು.

1991ರ ಕೊನೆಗೆ ಹಾಂಕಾಂಗ್‌ನ ಏಷ್ಯಾ ಟೆಲಿವಿಷನ್ ಸಂಸ್ಥೆಯಲ್ಲಿ ನಾಲ್ಕೂ ಕಂತುಗಳ ಫಿಲ್ಮ್ ಡಬ್ಬಿಗಳು ಪತ್ತೆಯಾದವು. 1992ರ ಮೇ ತಿಂಗಳಲ್ಲಿ ಕ್ಯಾಸೆಟ್ ಅಂಗಡಿಗೆ ಬಂದಾಗ ಅಭಿಮಾನಿಗಳು ಮುಗಿಬಿದ್ದರು. ಮೊದಲ ಸಂಭ್ರಮ ಇಳಿದ ಮೇಲೆ ಗೊಣಗಾಟ ಶುರುವಾಯಿತು.

ಕಾಳಗದ ದೃಶ್ಯದಲ್ಲಿ ಆಳನ್ನು ಎತ್ತುವ ತಂತಿ ಕಾಣುತ್ತದೆ, ಎತ್ತಿ ಎಸೆದ ಸೈಬರ್‌ಮನ್ ಬರೀ ಖಾಲಿ ಉಡುಪು ಎಂದು ಕೆಲವರು. ಅಪಾಯ ಗೊತ್ತಿದ್ದೂ ಗೋರಿ ತೆರೆಯಲು ಡಾಕ್ಟರನೇ ಗುಟ್ಟಾಗಿ ನೆರವಾಗುವುದೇಕೆ ಎಂದು ಇನ್ನು ಕೆಲವರು. ಅಷ್ಟು ಭಯ ಹುಟ್ಟಿಸಿ ಎದ್ದ ಸೈಬರ್‌ಮನ್‌ಗಳು ಕೊನೆಯ ಕಂತಿನಲ್ಲಿ ಮತ್ತೆ ಮಲಗಲು ಹೋಗುವುದಂತೂ ಹಲವರಿಗೆ ನಗೆಯ ವಿಷಯವಾಯಿತು. ತಂತಿ ಕಂಡಿತೆಂಬ ದೂರಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಸಣ್ಣ ಪರದೆಯ ಮೇಲೆ ಒಮ್ಮೆ ನೋಡಿ ಮರೆಯಲೆಂದು ಮಾಡಿದ ದೃಶ್ಯವನ್ನು ಕ್ಯಾಸೆಟ್ಟಿನಲ್ಲಿ ಹಿಂದೆ ಮುಂದೆ ಓಡಿಸಿ ನೋಡಿದರೆ ತಂತಿ ಕಾಣದೆ ಇರುತ್ತದೆಯೇ?

ಟೋಬರ್‌ಮನ್ ಪಾತ್ರದ ಮಾತು ಹಾಗಲ್ಲ. ಕಥೆಯ ಏಕೈಕ ಕಪ್ಪು ಮನುಷ್ಯ ಆತ. ಮಾತು ಬಹಳ ಕಡಿಮೆ, ಮೈಯಲ್ಲಿ ಬಲ, ಒಡತಿಯ ಅಪ್ಪಣೆ ಪಾಲಿಸುವ ಆಳು, ಕೊನೆಗೆ ಗೋರಿಯ ಬಾಗಿಲು ಮುಚ್ಚಿ ಪ್ರಾಣ ಕೊಡುತ್ತಾನೆ. ಅಭಿಮಾನಿಗಳಲ್ಲಿ ಕೆಲವರು ಇದನ್ನು ತ್ಯಾಗವೆಂದರು. ಕಪ್ಪು ಜನರನ್ನು ಆ ಕಾಲದ ಬ್ರಿಟಿಷ್ ಟಿ.ವಿ. ಹೇಗೆ ಕಂಡಿತು ಎಂಬುದಕ್ಕೆ ಇದೇ ಸಾಕ್ಷಿ ಎಂದರು ಹಲವರು. ಎರಡನೆಯವರ ಮಾತೇ ಸರಿ. ನೆನಪಿನಲ್ಲಿದ್ದ ಕಥೆಯಲ್ಲಿ ಸೈಬರ್‌ಮನ್‌ಗಳಿದ್ದರು, ಟೋಬರ್‌ಮನ್ ಇರಲಿಲ್ಲ ಎನ್ನುವುದನ್ನೂ ಗಮನಿಸಬೇಕು.

ಹಾಗೆಂದು ಕಥೆಯನ್ನು ಯಾರೂ ಮೂಲೆಗೆ ತಳ್ಳಲಿಲ್ಲ. ಯಾರೂ ಹೆಚ್ಚು ನಿರೀಕ್ಷಿಸದಿದ್ದ ಒಂದು ಪುಟ್ಟ ದೃಶ್ಯ ಎಲ್ಲರ ಮನ ಗೆದ್ದಿತು. ರಾತ್ರಿ ಕಾವಲಿನ ಹೊತ್ತು, ತಂದೆಯನ್ನು ಕಳೆದುಕೊಂಡ ವಿಕ್ಟೋರಿಯಾ ಎಂಬ ಹುಡುಗಿಯ ಜೊತೆ ಡಾಕ್ಟರ್ ತನ್ನ ಮನೆಯವರ ನೆನಪಿನ ಬಗ್ಗೆ ಮೆಲ್ಲಗೆ ಮಾತಾಡುತ್ತಾನೆ. ಡಾಕ್ಟರ್ ಪಾತ್ರದ ಪ್ಯಾಟ್ರಿಕ್ ಟ್ರೌಟನ್ ಅವರ ಕಣ್ಣು, ಕೈ, ತಗ್ಗಿದ ದನಿ ಸ್ಥಿರಚಿತ್ರಕ್ಕೂ ಸಿಗುವಂಥದ್ದಲ್ಲ, ಬರೀ ಧ್ವನಿಗೂ ಸಿಗುವಂಥದ್ದಲ್ಲ. 2010ರಲ್ಲಿ ಹನ್ನೊಂದನೆಯ ಡಾಕ್ಟರಾಗಿ ತೆರೆಗೆ ಬಂದ ಮ್ಯಾಟ್ ಸ್ಮಿತ್ ಪಾತ್ರಕ್ಕೆ ಸಿದ್ಧರಾಗುವಾಗ ಮರುಳಾದದ್ದು ಇದೇ ಕಥೆಯ ಟ್ರೌಟನ್‌ಗೆ. ಆ ಡಾಕ್ಟರನ ಬೋ ಟೈ ಅಲ್ಲಿಂದಲೇ ಬಂತು ಎನ್ನಲಾಗುತ್ತದೆ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಯಾವಾಗಲೂ ಒಂದೇ ದಿಕ್ಕಿಗೆ ಹೋಗುವುದಿಲ್ಲ. 2013ರಲ್ಲಿ ನೈಜೀರಿಯಾದ ಜೋಸ್ ಪಟ್ಟಣದಿಂದ ಕಳೆದುಹೋಗಿದ್ದ ಒಂಬತ್ತು ಕಂತುಗಳು ಬಂದವು. ಅದರೊಂದಿಗೆ ಸಿಗದ ಕಂತುಗಳ ಸಂಖ್ಯೆ 97ಕ್ಕೆ ಇಳಿಯಿತು. ಅವುಗಳಲ್ಲಿ ‘ದಿ ಎನಿಮಿ ಆಫ್ ದಿ ವರ್ಲ್ಡ್’ ಕಥೆಯದೂ ಇದ್ದವು. ಆರು ಕಂತಿನ ಆ ಕಥೆಯಲ್ಲಿ ಮೂರನೆಯದೊಂದು ಮಾತ್ರ ಉಳಿದಿತ್ತು. ಅದೊಂದನ್ನೇ ನೋಡಿ, ಸಪ್ಪೆ ಕಥೆ ಎಂದು ಅಭಿಮಾನಿಗಳು ತೀರ್ಪು ಕೊಟ್ಟಿದ್ದರು. ಡಾಕ್ಟರ್ ಮತ್ತು ಸರ್ವಾಧಿಕಾರಿ ಸಲಮಾಂಡರ್, ಎರಡೂ ಪಾತ್ರ ಟ್ರೌಟನ್ ಅವರದೇ. ಇಡೀ ಕಥೆ ನೋಡಿದ ಮೇಲೆ ಅದೇ ಜನ ಅದನ್ನು ಆ ಕಾಲದ ಒಳ್ಳೆಯ ಕಥೆಗಳ ಸಾಲಿಗೆ ಸೇರಿಸಿದರು.

1967ರದೇ ‘ದಿ ಈವಿಲ್ ಆಫ್ ದಿ ಡಾಲೆಕ್ಸ್’ ಏಳು ಕಂತಿನದು. ಅದರಲ್ಲಿ ಈವರೆಗೆ ಸಿಕ್ಕಿರುವುದು ಎರಡನೆಯ ಕಂತು ಮಾತ್ರ. ಟ್ರೌಟನ್ ಕಾಲದ ಶ್ರೇಷ್ಠ ಕಥೆ ಅದೇ ಎಂದು ವಾದಿಸುವ ಅಭಿಮಾನಿಗಳು ಬೇಕಾದಷ್ಟು ಮಂದಿ ಇದ್ದಾರೆ.