ಬಾಡಿ ಉಳೀತು, ಚಾಸಿ ಕರಗಿತು: ಹಳೇ ಲ್ಯಾಂಡ್ ರೋವರ್‌ನ ತುಕ್ಕಿನ ಕಥೆ

1/4
ಹಳೇ ಲ್ಯಾಂಡ್ ರೋವರ್ ಕೊಳ್ಳೋಕೆ ಹೋಗುವ ಅನುಭವಸ್ಥರು ಮೊದಲು ಬಾನೆಟ್ ಎತ್ತೋದಿಲ್ಲ. ಕೈಯಲ್ಲೊಂದು ಸಣ್ಣ ಸುತ್ತಿಗೆ ಹಿಡಿದು ಗಾಡಿಯ ಅಡಿಗೆ ನುಸುಳ್ತಾರೆ. ಚಾಸಿಯ ಉದ್ದಕ್ಕೂ ಟಕ್ ಟಕ್ ಅಂತ ತಟ್ಟುತ್ತಾ ಹೋಗ್ತಾರೆ. ಗಟ್ಟಿ ಉಕ್ಕು ಠಣ್ ಅನ್ನುತ್ತೆ. ತುಕ್ಕು ತಿಂದಿದ್ದರೆ ಮಂಕಾಗಿ ದಪ್ ಅನ್ನುತ್ತೆ. ಕೆಲವೊಮ್ಮೆ ಸುತ್ತಿಗೆಯೇ ಒಳಗೆ ಹೋಗಿಬಿಡುತ್ತೆ! ಮೇಲಿನ ಬಾಡಿ ನೋಡಿದ್ರೆ ಮಾತ್ರ ಒಂದು ಚೂರೂ ತುಕ್ಕಿಲ್ಲ.

ಯಾಕೆ ಹೀಗೆ? ಉತ್ತರ ಬೇಕಾದ್ರೆ ಎರಡನೇ ಮಹಾಯುದ್ಧ ಮುಗಿದ ಹೊಸತರ ಬ್ರಿಟನ್ನಿಗೆ ಹೋಗಬೇಕು.

ಆಗ ಅಲ್ಲಿ ಉಕ್ಕು ಸರ್ಕಾರದ ಹಂಚಿಕೆಯಲ್ಲಿ ಸಿಗುತ್ತಿದ್ದ ವಸ್ತು. ವಿದೇಶಕ್ಕೆ ಮಾಲು ಕಳಿಸುವ ಕಂಪನಿಗಳಿಗೆ ಆದ್ಯತೆ. ರೋವರ್ ಕಂಪನಿಯ ಎಂಜಿನಿಯರಿಂಗ್ ಮುಖ್ಯಸ್ಥ ಮಾರಿಸ್ ವಿಲ್ಕ್ಸ್ ತನ್ನ ಆಂಗಲ್ಸಿ ದ್ವೀಪದ ಜಮೀನಿನಲ್ಲಿ ಯುದ್ಧದಿಂದ ಉಳಿದ ಒಂದು ವಿಲಿಸ್ ಜೀಪ್ ಬಳಸುತ್ತಿದ್ದ. ಅಂಥದ್ದೇ ಗಾಡಿ ನಾವೇ ಯಾಕೆ ಮಾಡಬಾರದು ಅನ್ನೋ ಯೋಚನೆ ಹುಟ್ಟಿದ್ದು ಅಲ್ಲೇ. ಮೊದಲ ಮಾದರಿಯನ್ನು ಜೀಪಿನ ಚಾಸಿ ಮೇಲೆಯೇ ಕಟ್ಟಿದರು. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಲ್ಯಾಂಡ್ ರೋವರ್ ಜನರ ಮುಂದೆ ಬಂತು.

2/4
ಉಕ್ಕಿಗೆ ಬರ, ಆದ್ರೆ ವಿಮಾನ ತಯಾರಿಕೆ ಇಳಿದಿದ್ದರಿಂದ ಅಲ್ಯೂಮಿನಿಯಂ ಸಿಗುತ್ತಿತ್ತು. ಹಾಗಾಗಿ ಬಾಡಿಯ ಬಹುಭಾಗ 'ಬರ್ಮಾಬ್ರೈಟ್' ಅನ್ನೋ ಅಲ್ಯೂಮಿನಿಯಂ ಮಿಶ್ರಲೋಹದ್ದಾಯಿತು. ಭಾರ ಹೊರುವ ಚಾಸಿಗೆ ಮಾತ್ರ ಉಕ್ಕೇ ಬೇಕಿತ್ತು. ದೊಡ್ಡ ಪ್ರೆಸ್, ಅಚ್ಚುಗಳಿಗೆ ದುಡ್ಡು ಸುರಿಯುವ ಬದಲು ಚಪ್ಪಟೆ ಉಕ್ಕಿನ ಪಟ್ಟಿಗಳನ್ನು ಕತ್ತರಿಸಿ, ಅಂಚುಗಳಿಗೆ ವೆಲ್ಡ್ ಹಾಕಿ, ಪೆಟ್ಟಿಗೆಯಂಥ ತೊಲೆ ಮಾಡಿದರು. ಖರ್ಚು ಕಡಿಮೆ, ತಿರುಚಿದರೂ ಬಗ್ಗದಷ್ಟು ಗಟ್ಟಿ. ಜಾಣತನವೇ ಬಿಡಿ.

ಆದ್ರೆ ಪೆಟ್ಟಿಗೆ ಅಂದಮೇಲೆ ಅದಕ್ಕೊಂದು ಒಳಗು ಇರುತ್ತಲ್ಲ! ಕೆಸರು, ನೀರು ರಂಧ್ರಗಳಿಂದ ಒಳಗೆ ಹೋಗಿ ಅಲ್ಲೇ ಕೂರುತ್ತೆ. ಬ್ರಿಟನ್ನಿನ ಚಳಿಗಾಲದಲ್ಲಿ ಹಿಮ ಕರಗಿಸೋಕೆ ರಸ್ತೆಗೆ ಸುರಿಯುವ ಉಪ್ಪೂ ಅದಕ್ಕೆ ಸೇರುತ್ತೆ. ಹೊರಗಿನ ಬಣ್ಣ ಹೊಳೀತಿರುವಾಗಲೇ ಒಳಗಿನಿಂದ ಉಕ್ಕು ಸವೆಯುತ್ತೆ. ಚಕ್ರಗಳು ಎರಚುವ ಕೆಸರು ತಾಗುವ ಪಕ್ಕದ ತೋಳುಗಳು, ಹಿಂದಿನ ಅಡ್ಡತೊಲೆ ಮೊದಲು ಹೋಗೋದು. ಬಾಡಿ ಚೆನ್ನಾಗಿದ್ದಷ್ಟೂ ಮಾಲೀಕರಿಗೆ ಅನುಮಾನವೇ ಬರೋದಿಲ್ಲ.

ಉತ್ಪಾದನೆಗೆ ಮುಂಚಿನ ಪ್ರಾಯೋಗಿಕ ಗಾಡಿಗಳ ಚಾಸಿಗೆ ಸತುವಿನ ಲೇಪನ ಇತ್ತು. ಮಾರಾಟದ ಗಾಡಿಗಳಿಗೆ ಬರೀ ಬಣ್ಣ. ಮುಂದಿನ ಎಷ್ಟೋ ದಶಕಗಳ ವೆಲ್ಡಿಂಗ್ ಕೆಲಸ ಹುಟ್ಟಿದ್ದು ಈ ಒಂದು ಉಳಿತಾಯದಿಂದ.

3/4
ಈಗ ಎರಡು ದಾರಿ.

ಒಂದು, ರಿಪೇರಿ. ಕತ್ತರಿಸುವ ಮೊದಲು ಚಾಸಿ ಬಾಗದ ಹಾಗೆ ಆಧಾರ ಕೊಟ್ಟು, ಮೂಲೆಯಿಂದ ಮೂಲೆಗೆ ಅಳತೆ ತೆಗೆದಿಟ್ಟುಕೊಳ್ಳಬೇಕು. ಗಟ್ಟಿ ಲೋಹ ಸಿಗುವವರೆಗೂ ತುಕ್ಕನ್ನು ಕತ್ತರಿಸಿ ತೆಗೆದು ಹೊಸ ತಗಡು ಕೂರಿಸಬೇಕು. ತುಕ್ಕಿನ ಮೇಲೇ ತೇಪೆ ಹಾಕಿದ್ರೆ ಅದು ರಿಪೇರಿ ಅಲ್ಲ, ಮುಚ್ಚಿಡೋದು.

ಎರಡು, ಇಡೀ ಚಾಸಿ ಬದಲಾವಣೆ. ಹೊಸ ಚಾಸಿಯನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್‌ನ ಕರಗಿದ ಸತುವಿನಲ್ಲಿ ಮುಳುಗಿಸುತ್ತಾರೆ. ಸತು ಪೆಟ್ಟಿಗೆಯ ಒಳಗೂ ಹರಿಯಲಿ ಅಂತ ಮೊದಲೇ ರಂಧ್ರ ಬಿಟ್ಟಿರುತ್ತಾರೆ. ಎಲ್ಲಾದರೂ ಗೀರು ಬಿದ್ದರೆ ಸತು ತಾನು ಸವೆದು ಉಕ್ಕನ್ನು ಕಾಯುತ್ತೆ.

ಇದು ಸಾಧ್ಯ ಆಗೋದು ಬಾಡಿಯನ್ನು ಬೋಲ್ಟ್ ಬಿಚ್ಚಿ ಇಳಿಸಬಹುದು ಅನ್ನೋ ಕಾರಣಕ್ಕೆ. ನಮ್ಮ ಅಂಬಾಸಡರ್‌ಗೆ ಆ ಭಾಗ್ಯ ಇಲ್ಲ. ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಅದರಲ್ಲಿ ಬಾಡಿಯೇ ಚೌಕಟ್ಟು. ಅಲ್ಲಿ ತುಕ್ಕು ಬಂದರೆ ಕತ್ತರಿಸಿ ವೆಲ್ಡ್ ಮಾಡೋದೊಂದೇ ದಾರಿ.

4/4
ಚಾಸಿ ಬದಲಾದ್ರೆ ಅದು ಅದೇ ಗಾಡಿನಾ? ಇದು ಬರೀ ಹರಟೆಯ ಪ್ರಶ್ನೆ ಅಲ್ಲ, ಕಾನೂನಿನ ಪ್ರಶ್ನೆಯೂ ಹೌದು. ಬ್ರಿಟನ್ನಿನಲ್ಲಿ ಬಹುಕಾಲ ನಡೆದ ಅಂಕದ ಪದ್ಧತಿಯಲ್ಲಿ ಹಳೇ ನೋಂದಣಿ ಸಂಖ್ಯೆ ಉಳಿಯಲು 8 ಅಂಕ ಬೇಕಿತ್ತು. ಚಾಸಿಗೆ 5, ಎಂಜಿನ್‌ಗೆ ಬರೀ 1! ಮೂಲದಂತೆಯೇ ಮಾಡಿದ ಹೊಚ್ಚಹೊಸ ಚಾಸಿಗೂ, ರಸೀದಿ ಇದ್ದರೆ, ಆ 5 ಅಂಕ ಸಿಗುತ್ತಿತ್ತು. ನಮ್ಮಲ್ಲೂ ಆರ್‌ಸಿಯಲ್ಲಿ ಚಾಸಿ ನಂಬರೇ ಗಾಡಿಯ ಗುರುತು. ಆರ್‌ಟಿಒ ಅನುಮತಿ ಇಲ್ಲದೆ ಅದನ್ನು ಮುಟ್ಟೋ ಹಾಗಿಲ್ಲ.

ಮೊದಲ ಉತ್ಪಾದನಾ ಲ್ಯಾಂಡ್ ರೋವರ್, ಚಾಸಿ ನಂಬರ್ 860001, ವರ್ಷಗಟ್ಟಲೆ ನಾರ್ಥಂಬರ್‌ಲ್ಯಾಂಡ್‌ನ ಒಂದು ಹೊಲದಲ್ಲಿ ಮಳೆ ಬಿಸಿಲಿಗೆ ನಿಂತಿತ್ತು. ಅದನ್ನು ಮತ್ತೆ ಎಬ್ಬಿಸಿದವರು ಸಾಧ್ಯವಾದಷ್ಟು ಹಳೇ ಲೋಹವನ್ನೇ ಉಳಿಸಿಕೊಂಡರು. ಅಲ್ಲಿ ಅದೇ ಸರಿ. ಅಂಥ ಗಾಡಿ ಒಂದು ದಾಖಲೆ.

ಆದ್ರೆ ಮನೆಮಂದಿಯನ್ನು ಕೂರಿಸಿಕೊಂಡು ಘಾಟಿ ಇಳಿಸುವ ಗಾಡಿಯ ಮಾತೇ ಬೇರೆ. ಸ್ಪ್ರಿಂಗು, ಸ್ಟೀರಿಂಗು ಎಲ್ಲವೂ ನೇತಾಡೋದು ಆ ಚಾಸಿಗೇ. ಅದು ಪೊಳ್ಳಾಗಿದ್ದರೆ ಭಾವುಕತೆ ಬೇಡ, ಬದಲಾಯಿಸಿ. ಆದರೆ ಹಳೇ ಚಾಸಿಯ ಫೋಟೋ, ಅಳತೆ, ರಸೀದಿ ಎಲ್ಲ ಜೋಪಾನವಾಗಿಟ್ಟು, ಮಾರುವಾಗ ಬಾಯಿಬಿಟ್ಟು ಹೇಳಿ. ಗಾಡಿಯ ಚರಿತ್ರೆಯಲ್ಲಿ ರಿಪೇರಿಯೂ ಒಂದು ಅಧ್ಯಾಯ. ಅದನ್ನು ಮುಚ್ಚಿಟ್ಟರೆ ಮಾತ್ರ ಮೋಸ.

ನಿಮ್ಮ ಮನೆಯ ಹಳೇ ಜೀಪು, ಕಾರಿನ ಅಡಿಗೆ ಕೊನೇ ಸಲ ನುಸುಳಿ ನೋಡಿದ್ದು ಯಾವಾಗ? ಕಾಮೆಂಟಲ್ಲಿ ಹೇಳಿ. ಸುತ್ತಿಗೆ ಏನಂತು, ಠಣ್ ಅಂತಾ ಅಥವಾ ದಪ್ ಅಂತಾ?

#ಹಳೇಗಾಡಿ #ಲ್ಯಾಂಡ್‌ರೋವರ್ #ತುಕ್ಕಿನಕಥೆ